ಕುಲುಮೆಯ ಮುಂದೆ ನಿಂತ ಧನಿಕ

ಹತ್ತೊಂಬತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಅರಸನಾಗಲಿ ವಂಶಪಾರಂಪರ್ಯದ ಬಿರುದುಗಳಾಗಲಿ ಇರಲಿಲ್ಲ. ಹೊಸದಾಗಿ ಹಣ ಕಂಡ ವರ್ತಕನು ತನ್ನ ಅಂತಸ್ತನ್ನು ಲೋಕಕ್ಕೆ ಸಾರುವುದೆಂತು? ಅವನಿಗೆ ಒದಗಿದ ಸಾಧನಗಳಲ್ಲಿ ಭಾವಚಿತ್ರವೂ ಒಂದು. ಆದುದರಿಂದಲೇ ಆ ಕಲೆ ಬೆಲೆಗೆ ತಕ್ಕಂತೆ ತರತಮ ಪಡೆಯಿತು. ವಿಲಿಯಂ ಮ್ಯಾಥ್ಯೂ ಪ್ರಯರ್ ಎಂಬ ಚಿತ್ರಕಾರನು 1831ರಲ್ಲಿ, ನೆರಳು-ಬೆಳಕಿನ ಕೆಲಸವಿಲ್ಲದ ಚಿತ್ರವನ್ನು ಕಾಲುಬೆಲೆಗೆ ಬರೆದುಕೊಡುವುದಾಗಿ ಪ್ರಕಟಿಸಿದನು. ಮುಖದ ಮೇಲಣ ನೆರಳಿಗೂ ಒಂದು ದರವಿದ್ದಿತು!

ಇಂತಹ ಕಾಲದಲ್ಲಿ, 1826-27ರಲ್ಲಿ, ಫಿಲಡೆಲ್ಫಿಯದ ಜಾನ್ ನೀಗಲ್ ರಚಿಸಿದ ‘ಕುಲುಮೆಯಲ್ಲಿ ಪ್ಯಾಟ್ ಲಿಯಾನ್’ ಎಂಬ ಚಿತ್ರವು ವಿಚಾರಾರ್ಹವಾಗಿದೆ. ಬೆಂಕಿ ಆರಿಸುವ ಯಂತ್ರಗಳ ತಯಾರಿಕೆಯಲ್ಲಿ ಹೆಸರಾದ ಲಿಯಾನ್ ಆಗ ಧನಿಕನಾಗಿದ್ದನು. ಆದರೂ ತನ್ನನ್ನು ದೊಡ್ಡ ಮನುಷ್ಯನಂತೆ ಚಿತ್ರಿಸಕೂಡದು, ದುಡಿಯುವ ಕಮ್ಮಾರನಂತೆ ಚಿತ್ರಿಸಬೇಕು ಎಂದು ಅವನು ಕೇಳಿಕೊಂಡನು. ಈ ಬಯಕೆಯ ಹಿಂದೆ ಒಂದು ಹಳೆಯ ಗಾಯವಿದ್ದಿತು. 1798ರಲ್ಲಿ ಬ್ಯಾಂಕ್ ಆಫ್ ಪೆನ್ಸಿಲ್ವೇನಿಯದಲ್ಲಿ ಕಳವಾದಾಗ, ಅದರ ಖಜಾನೆಯ ಬಾಗಿಲಿನ ಕೆಲಸ ಮಾಡಿದ್ದ ಲಿಯಾನನ ಮೇಲೆ ಸಂಶಯ ಬಿದ್ದಿತು. ಊರಲ್ಲಿಲ್ಲದಿದ್ದವನು ತಾನಾಗಿಯೇ ಬಂದು ಹೇಳಿಕೆಯಿತ್ತರೂ ವಾಲ್ನಟ್ ಬೀದಿಯ ಸೆರೆಮನೆ ಅವನಿಗೆ ತಪ್ಪಲಿಲ್ಲ. ನಿಜವಾದ ಕಳ್ಳನು ಕದ್ದ ಹಣವನ್ನು ಅದೇ ಬ್ಯಾಂಕಿನಲ್ಲಿ ಜಮಾ ಮಾಡಿ ಸಿಕ್ಕಿಬಿದ್ದನು. ಮುಂದೆ ಲಿಯಾನ್ ದಾವೆ ಹೂಡಿ ಪರಿಹಾರ ಪಡೆದನು. ಚಿತ್ರದ ಕಿಟಕಿಯಾಚೆ ಕಾಣುವ ಗೋಪುರ ಆ ಸೆರೆಮನೆಯದೇ. ತನ್ನ ಮಾತನ್ನು ನಂಬದ ಪ್ರತಿಷ್ಠಿತರ ಸಾಲಿನಲ್ಲಿ ನಿಲ್ಲಲು ಅವನ ಮನಸ್ಸು ಒಪ್ಪಲಿಲ್ಲವೆಂಬುದಕ್ಕೆ ಆ ಗೋಪುರವೇ ಸಾಕ್ಷಿ.

ಆದರೆ ಚಿತ್ರವು ಅಂತಸ್ತಿನ ಭಾಷೆಯನ್ನು ಪೂರ್ಣವಾಗಿ ತ್ಯಜಿಸಿದೆಯೆ? ಆಳೆತ್ತರದ ನಿಲುವು ಸೇನಾನಿಗಳಿಗೂ ರಾಷ್ಟ್ರನಾಯಕರಿಗೂ ಸಲ್ಲುತ್ತಿದ್ದ ಗೌರವ. ಗಿಲ್ಬರ್ಟ್ ಸ್ಟೂವರ್ಟ್ 1796ರಲ್ಲಿ ವಾಷಿಂಗ್ಟನ್ನನನ್ನು ನಿಲ್ಲಿಸಿದ್ದು ಹಾಗೆಯೇ. ಲಿಯಾನನು ತೊಗಲಿನ ಮುಂಗವಸು ಕಟ್ಟಿ, ತೋಳು ಮಡಿಚಿ, ಸುತ್ತಿಗೆಯನ್ನು ಅಡಿಗಲ್ಲಿನ ಮೇಲೆ ಊರಿದ್ದಾನೆ ನಿಜ. ಆದರೆ ಅಂಗಿ ಶುಭ್ರವಾಗಿದೆ. ಕುಲುಮೆಯ ತಿದಿಯ ಬಳಿ ಇರುವವನು ಹಿಂದೆ ಮಬ್ಬಿನಲ್ಲಿರುವ ಹುಡುಗ. ಬೆಳಕು ಬಿದ್ದಿರುವುದು ಯಜಮಾನನ ಮೇಲೆ.

ಈ ವಿರೋಧದಿಂದ ಚಿತ್ರದ ಸತ್ತ್ವ ಕುಂದಿಲ್ಲ, ಬೆಳೆದಿದೆ. ದುಡಿಮೆಯನ್ನು ಮರೆಮಾಚದೆ ಮಾನವನ್ನು ಕೇಳಬಹುದೆಂದು ಲಿಯಾನ್ ತೋರಿಸಿದನು. ಹಾಗೆ ಕೇಳುವುದಕ್ಕೂ ಮೊದಲು ಹಣ ಬೇಕಾಯಿತೆಂಬುದನ್ನು ಆ ಹುಡುಗನು ಮೌನವಾಗಿಯೇ ನೆನಪಿಸುತ್ತಾನೆ.