ಅಳತೆಯೂ ಅಭಿಪ್ರಾಯವೂ

ವೈಜ್ಞಾನಿಕ ಸಂಶೋಧನೆಯು ಪೂರ್ವಗ್ರಹದಿಂದ ಸಂಪೂರ್ಣವಾಗಿ ಮುಕ್ತವಾಗಿರಬಲ್ಲುದೆ ಎಂಬ ಚರ್ಚೆ ಬಂದಾಗಲೆಲ್ಲ ಉದಾಹೃತವಾಗುವ ಗ್ರಂಥಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಗ್ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರ 'ದಿ ಮಿಸ್‌ಮೆಷರ್ ಆಫ್ ಮ್ಯಾನ್' (1981) ಮುಖ್ಯವಾದುದು. ಅದರಲ್ಲಿ ಬರುವ ತಲೆಬುರುಡೆಗಳ ವೃತ್ತಾಂತವನ್ನು ಪ್ರಸ್ತುತ ಲೇಖಕನೂ ಕೆಲವು ವರ್ಷ ತರಗತಿಯಲ್ಲಿ ನಿರ್ವಿವಾದವೆಂಬಂತೆ ಬೋಧಿಸಿದ್ದುಂಟು. ಅದನ್ನು ಪುನಃ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯಲ್ ಜಾರ್ಜ್ ಮಾರ್ಟನ್ (1799–1851) 800ಕ್ಕೂ ಮಿಗಿಲಾದ ತಲೆಬುರುಡೆಗಳನ್ನು ಸಂಗ್ರಹಿಸಿ, ಅವುಗಳ ಒಳಗಾತ್ರವನ್ನು ಅಳೆದು, ಅದರ ಬಲದಿಂದ ಮಾನವಕುಲಗಳನ್ನು ಮೇಲು ಕೀಳೆಂದು ವಿಂಗಡಿಸಿದನು. 'ಕ್ರೇನಿಯಾ ಅಮೆರಿಕಾನಾ' (1839) ಗ್ರಂಥದ ಕಾಲದಲ್ಲಿ ಆತನು ಬುರುಡೆಗಳಿಗೆ ಕಾಳು ತುಂಬಿ ಅಳೆಯುತ್ತಿದ್ದನು. ಆ ಅಳತೆ ಸ್ಥಿರವಾಗಿಲ್ಲವೆಂದು ಕಂಡು ತರುವಾಯ ಸೀಸದ ಗುಂಡುಗಳನ್ನು ಬಳಸಿದನು. ಗೂಲ್ಡರ ಗಣನೆಯಂತೆ, ಈ ಬದಲಾವಣೆಯಿಂದ ಆಫ್ರಿಕನರ ಬುರುಡೆಗಳ ಸರಾಸರಿ 5.4 ಘನ ಅಂಗುಲ ಏರಿತು, ಶ್ವೇತವರ್ಣೀಯರದು 1.8 ಮಾತ್ರ. ಗುಂಡು ಒತ್ತಿದರೆ ಕುಗ್ಗದು, ಕಾಳು ಕುಗ್ಗೀತು. ಆದುದರಿಂದ ಶ್ವೇತವರ್ಣೀಯರ ಬುರುಡೆಗೆ ಕಾಳನ್ನು ಒತ್ತಿ ತುಂಬಿ, ಆಫ್ರಿಕನರದಕ್ಕೆ ಸಡಿಲವಾಗಿ ತುಂಬಿ, ಮಾರ್ಟನನ ಕೈ ಆತನಿಗರಿವಿಲ್ಲದೆಯೇ ಪಕ್ಷಪಾತ ಮಾಡಿರಬೇಕೆಂದು ಗೂಲ್ಡ್ ಊಹಿಸಿದರು.

ಊಹೆ ಮನೋಹರವಾದುದು. ಆದರೆ ಗೂಲ್ಡ್ ಒಂದು ಬುರುಡೆಯನ್ನೂ ಸ್ವತಃ ಅಳೆಯಲಿಲ್ಲ. 2011ರಲ್ಲಿ ಮಾನವಶಾಸ್ತ್ರಜ್ಞರ ತಂಡವೊಂದು 300ಕ್ಕೂ ಹೆಚ್ಚು ಬುರುಡೆಗಳನ್ನು ಮತ್ತೆ ಅಳೆದು, ಮಾರ್ಟನನ ಗುಂಡಿನ ಅಳತೆಗಳು ಬಹುಮಟ್ಟಿಗೆ ಸರಿಯೆಂದೂ ಇದ್ದ ತಪ್ಪುಗಳು ಆತನ ಮತದ ಕಡೆಗೆ ವಾಲಿಲ್ಲವೆಂದೂ ತೋರಿಸಿತು. ಗೂಲ್ಡರ ಆಕ್ಷೇಪ ಕಾಳಿನ ಅಳತೆಯನ್ನು ಕುರಿತದ್ದೇ ಹೊರತು ಗುಂಡಿನದನ್ನಲ್ಲವೆಂದು ಮೈಕೇಲ್ ವೈಸ್‌ಬರ್ಗ್ 2014ರಲ್ಲಿ ಹೂಡಿದ ಪ್ರತಿವಾದ ನ್ಯಾಯವಾದುದೇ. ಆದರೆ 2018ರಲ್ಲಿ ಪಾಲ್ ವುಲ್ಫ್ ಮಿಚೆಲ್, ಪ್ರಕಟವಾಗದೆ ಉಳಿದಿದ್ದ ಕಾಳಿನ ಅಳತೆಗಳನ್ನೇ ಬೆಳಕಿಗೆ ತಂದರು. ಅವೂ ಗೂಲ್ಡರ ಊಹೆಯನ್ನು ಬೆಂಬಲಿಸಲಿಲ್ಲ.

ಹಾಗಾದರೆ ಮಾರ್ಟನನು ನಿಷ್ಪಕ್ಷಪಾತಿಯೆ? ಅಲ್ಲವೆಂಬುದಕ್ಕೆ ಮಿಚೆಲರೇ ಸಾಕ್ಷ್ಯ ಒದಗಿಸುತ್ತಾರೆ. ಅದೇ ಕಾಲದಲ್ಲಿ ಹೈಡೆಲ್‌ಬರ್ಗಿನ ಅಂಗರಚನಾಶಾಸ್ತ್ರಜ್ಞ ಫ್ರೀಡ್ರಿಕ್ ಟೀಡೆಮನ್ ಸ್ವತಂತ್ರವಾಗಿ ಬುರುಡೆಗಳನ್ನು ಅಳೆದಿದ್ದನು. ಇಬ್ಬರ ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಟೀಡೆಮನನು ಅತಿ ಸಣ್ಣದರಿಂದ ಅತಿ ದೊಡ್ಡದರವರೆಗಿನ ವ್ಯಾಪ್ತಿಯನ್ನು ನೋಡಿ, ಅವು ಒಂದರೊಳಗೊಂದು ಬೆರೆತಿರುವುದನ್ನು ಕಂಡು, 1836ರಲ್ಲಿ ಸಮಾನತೆಯನ್ನೂ ಗುಲಾಮಗಿರಿಯ ಅನ್ಯಾಯವನ್ನೂ ಪ್ರತಿಪಾದಿಸಿದನು. ಮಾರ್ಟನನು ಸರಾಸರಿಗಳನ್ನು ಮೆಟ್ಟಿಲಾಗಿ ಜೋಡಿಸಿದನು. ದೇಹದ ಎತ್ತರಕ್ಕೂ ಸ್ತ್ರೀಪುರುಷ ಭೇದಕ್ಕೂ ತಕ್ಕಂತೆ ಬುರುಡೆಯ ಗಾತ್ರ ವ್ಯತ್ಯಾಸಗೊಳ್ಳುವುದನ್ನು ಆತನು ಗಣಿಸಲಿಲ್ಲವೆಂಬ ಗೂಲ್ಡರ ಟೀಕೆಯಂತೂ ಇಂದಿಗೂ ನಿಲ್ಲುತ್ತದೆ.

ಪೂರ್ವಗ್ರಹ ನೆಲಸಿದ್ದುದು ಅಳೆಯುವ ಕೈಯಲ್ಲಲ್ಲ, ಅಳತೆಗೆ ಮುಂಚೆಯೇ ಹುಟ್ಟಿದ್ದ ಪ್ರಶ್ನೆಯಲ್ಲಿ. ಇತಿಹಾಸಕಾರರಿಗೆ ಇದು ಹೊಸದೇನೂ ಅಲ್ಲ. ಶಾಸನವನ್ನು ಒಂದಕ್ಷರವೂ ತಪ್ಪದೆ ಓದಿದವನು ತನಗೆ ಬೇಕಾದ ಶಾಸನಗಳನ್ನು ಮಾತ್ರ ಆರಿಸಿ ತಪ್ಪು ಇತಿಹಾಸವನ್ನು ಬರೆಯಬಲ್ಲನು.

ಆದರೂ ವಿಜ್ಞಾನವೆಲ್ಲ ಅಭಿಪ್ರಾಯವೇ ಎಂದು ಕೈಚೆಲ್ಲುವುದು ಸರಿಯಲ್ಲ. ಮಾರ್ಟನನು ತನ್ನ ಅಂಕಿಗಳನ್ನು ಪ್ರಕಟಿಸಿದ್ದರಿಂದ ಗೂಲ್ಡ್ ಆತನನ್ನು ಪ್ರಶ್ನಿಸಬಲ್ಲವರಾದರು; ಬುರುಡೆಗಳು ಉಳಿದಿದ್ದರಿಂದ ಗೂಲ್ಡರನ್ನು ಇತರರು ಪ್ರಶ್ನಿಸಬಲ್ಲವರಾದರು. ವಸ್ತುನಿಷ್ಠತೆಯು ಒಬ್ಬ ಸಂಶೋಧಕನ ಮನಶ್ಶುದ್ಧಿಯಲ್ಲ. ಇನ್ನೊಬ್ಬನ ಪರೀಕ್ಷೆಗೆ ತನ್ನ ಆಧಾರಗಳನ್ನು ತೆರೆದಿಡುವ ಪದ್ಧತಿ. ಆದರೆ ಇಲ್ಲಿ ಆಧಾರವಾಗಿ ಉಳಿದದ್ದು ಮನುಷ್ಯರ ಅವಶೇಷ, ಅದರಲ್ಲಿ ಗುಲಾಮರದೂ ಸೇರಿತ್ತು ಎಂಬುದನ್ನು ಮರೆಯಲಾಗದು. ಅವರ ಸಮ್ಮತಿಯನ್ನು ಯಾರೂ ಕೇಳಿರಲಿಲ್ಲ. ಸಂಗ್ರಹವನ್ನು ಹೊಂದಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯ 2021ರಲ್ಲಿ ಕ್ಷಮೆ ಯಾಚಿಸಿತು.

ಗೂಲ್ಡರ ಗ್ರಂಥವನ್ನು ಪಾಠಪಟ್ಟಿಯಿಂದ ತೆಗೆಯಬೇಕಾಗಿಲ್ಲ. ಅದರೊಡನೆ 2011, 2014, 2018ರ ಲೇಖನಗಳನ್ನೂ ಇಟ್ಟು ಓದಿಸಬೇಕು. ವಾದಿಸುತ್ತಿರುವ ಪಕ್ಷ ನಮಗೆ ಪ್ರಿಯವಾದುದೆಂಬ ಕಾರಣಕ್ಕೆ ಸಾಕ್ಷ್ಯವನ್ನು ಪರೀಕ್ಷಿಸದೆ ಬಿಟ್ಟುದು ಈ ಲೇಖಕನ ತಪ್ಪು. ವಿದ್ಯಾರ್ಥಿಗಳಲ್ಲಿ ಅದು ಮುಂದುವರಿಯಬಾರದು.