ಗರ್ನಾಲಿಗೆ ಹೆದರದ ಮಂಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಲ್ಲಿ ಮಂಗ ಓಡಿಸುವುದೆಂದರೆ ಸದ್ದು ಮಾಡುವುದು: ಗರ್ನಾಲು, ಡಬ್ಬ ಬಡಿತ, ಪಿವಿಸಿ ಪೈಪಿನ ಕಾರ್ಬೈಡ್ ಕೋವಿ. ಮೊದಮೊದಲು ಹಿಂಡು ಕಾಡು ಸೇರುತ್ತದೆ. ಬರಬರುತ್ತ ಪಕ್ಕದ ಮರಕ್ಕೆ ಹಾರಿ ಅಲ್ಲೇ ಎಳೆ ಅಡಿಕೆ ಚೀಪುತ್ತದೆ. ಮಂಗ ಚಾಲಾಕಿ ಎಂದು ನಾವು ಮಾತು ಮುಗಿಸುತ್ತೇವೆ. ನನಗೆ ಕಾಣುವಂತೆ ತಪ್ಪು ನಾವು ಕಲಿಸುವ ರೀತಿಯಲ್ಲಿದೆ.

ಹೀಗೆನ್ನಲು ಆಧಾರ, ಮನುಷ್ಯರ ಕಣ್ರೆಪ್ಪೆಯ ಮೇಲೆ ನಡೆದ ಪ್ರಯೋಗಗಳು. ಒಂದು ಸ್ವರ ಕೇಳಿಸಿ ಬೆನ್ನಲ್ಲೇ ಕಣ್ಣಿಗೆ ಗಾಳಿ ಊದುತ್ತಾರೆ. ಹಲವು ಸಲ ಹೀಗಾದ ಮೇಲೆ ಸ್ವರ ಕೇಳಿದೊಡನೆ, ಗಾಳಿ ತಾಗುವ ಮೊದಲೇ, ರೆಪ್ಪೆ ಮುಚ್ಚುತ್ತದೆ. ನಡುವಿನ ಅಂತರ ಸುಮಾರು ಅರ್ಧ ಸೆಕೆಂಡ್ ಇದ್ದರೆ ಕಲಿಕೆ ಚೆನ್ನಾಗಿ ಕೂರುತ್ತದೆ. ತೀರ ಹೆಚ್ಚಾದರೆ ಸಡಿಲವಾಗುತ್ತದೆ. ಗಾಳಿಯ ಬಿರುಸು ಹೆಚ್ಚಿದ್ದಾಗ ಮತ್ತು ಆತಂಕದ ಸ್ವಭಾವದವರಲ್ಲಿ ಕಲಿಕೆ ಗಟ್ಟಿ ಎಂದು 1951ರಲ್ಲಿ ಅಮೆರಿಕದ ಅಯೋವಾದ ಮನೋವಿಜ್ಞಾನಿಗಳಾದ ಕೆನೆತ್ ಸ್ಪೆನ್ಸ್, ಜಾನೆಟ್ ಟೇಲರ್ ತೋರಿಸಿದರು. ಗಾಳಿ ನಿಲ್ಲಿಸಿ ಬರೀ ಸ್ವರ ಕೇಳಿಸುತ್ತ ಹೋದರೆ ಕಲಿತದ್ದು ಅಳಿಯುತ್ತದೆ. ಇನ್ನು ಗಾಳಿ ಬಾರದೆಂದು ಗ್ರಹಿಸಿದವರಲ್ಲಂತೂ ಬಲು ಬೇಗ.

ಆ ಅರ್ಧ ಸೆಕೆಂಡಿನ ಲೆಕ್ಕವನ್ನು ತೋಟಕ್ಕೆ ಹಾಗೇ ತರಲಾಗದು. ಮಂಗ ಓಡುವುದರಲ್ಲಿ ಹಸಿವು, ಹಿಂಡು, ಹಳೆಯ ಅನುಭವ ಎಲ್ಲ ಸೇರಿವೆ. ಗರ್ನಾಲಿನ ಮೊದಲ ಭಯ ಹುಟ್ಟಿನಿಂದ ಬಂದದ್ದು, ನಾವು ಕಲಿಸಿದ್ದಲ್ಲ. ಆದರೂ ಪ್ರಯೋಗದ ಪಾಠ ಇಲ್ಲಿಗೂ ಸಲ್ಲುತ್ತದೆ: ಆ ಭಯ ಸವೆಯುವ ಮುನ್ನ ಸದ್ದಿನ ಹಿಂದೆಯೇ ಏನಾದರೂ ಬರಬೇಕು. ನಾವೋ ಜಗಲಿಯಿಂದ ಹೊಡೆದು ಒಳಗೆ ಹೋಗುತ್ತೇವೆ. ಹಾಗೆ ಮಾಡಿದಾಗಲೆಲ್ಲ ಮಂಗಕ್ಕೆ ಸಿಗುವ ಪಾಠ ಒಂದೇ: ಸದ್ದಾದರೆ ಏನೂ ಆಗುವುದಿಲ್ಲ.

ಸದ್ದನ್ನು ಇನ್ನಷ್ಟು ಜೋರು ಮಾಡಲು ಬಂದ ಕಾರ್ಬೈಡ್ ಕೋವಿಯನ್ನು ನಾನು ಒಪ್ಪಲಾರೆ. 2025ರ ದೀಪಾವಳಿಯಲ್ಲಿ ಭೋಪಾಲದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಗಾಯವಾಯಿತು. ಹೊತ್ತಲಿಲ್ಲವೆಂದು ಕೊಳವೆಯೊಳಗೆ ಇಣುಕಿದ ಹೊತ್ತಿಗೇ ಅದು ಸಿಡಿಯಬಹುದು.

ಹಾಗಾದರೆ ಸದ್ದಿನ ಹಿಂದೆ ಬರಬೇಕಾದದ್ದು ಏನು? 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನ ರೈತರೊಬ್ಬರು ಮಂಗ ಓಡಿಸಲು ಹುಲಿಬೊಂಬೆ ಇಟ್ಟು ನೋಡಿ, ಆಮೇಲೆ ನಾಯಿಗೇ ಹುಲಿಪಟ್ಟೆ ಬಳಿದರು. ಆ ನಾಯಿಯ ಚಿತ್ರ ನೋಡಿ ನಕ್ಕವರೇ ಹೆಚ್ಚು. ನಾನು ಅದರಲ್ಲಿ ವಿವೇಕ ಕಾಣುತ್ತೇನೆ: ಬೊಂಬೆ ನಿಂತಲ್ಲೇ ನಿಲ್ಲುತ್ತದೆ, ನಾಯಿ ಬಣ್ಣ ಹೋದರೂ ಅಟ್ಟಿಸಿಕೊಂಡು ಬರುತ್ತದೆ. ಗರ್ನಾಲಿನ ಬೆನ್ನಿಗೇ ನಾಯಿ ನುಗ್ಗಿದರೆ ಸದ್ದಿಗೆ ಅರ್ಥ ಉಳಿಯುತ್ತದೆ. ಮಕ್ಕಳು ಬೆಂಗಳೂರು ಸೇರಿ ವಯಸ್ಸಾದವರೇ ಉಳಿದ ಮನೆಗಳಲ್ಲಿ ತೋಟಕ್ಕೆ ಇಳಿದು ಓಡುವವರು ಯಾರು ಎಂಬುದು ನಿಜವಾದ ಕಷ್ಟ. ಅಂಥ ಕಡೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕಾವಲಿಗೆ ಒಬ್ಬರನ್ನೂ ಎರಡು ನಾಯಿಗಳನ್ನೂ ಇಟ್ಟುಕೊಳ್ಳಲಿ. ಸುಮ್ಮನೆ ಸುಡುವ ಗರ್ನಾಲಿನ ದುಡ್ಡು ಅದಕ್ಕೆ ಹೋಗಲಿ.