ಎದುರು ಪಕ್ಷವಿಲ್ಲದ ಪ್ರಬಂಧ

ಪದವಿ ಮೊದಲ ವರ್ಷದ ಕನ್ನಡ ಅಸೈನ್‌ಮೆಂಟುಗಳನ್ನು ಓದಿದವರಿಗೆ ಅವುಗಳ ನಡೆ ಚೆನ್ನಾಗಿ ಗೊತ್ತು. ಕವಿಯ ಹುಟ್ಟೂರು, ಕೃತಿಗಳು, ಪ್ರಶಸ್ತಿಗಳು. ಆಮೇಲೆ ನಾಲ್ಕು ಪುಟದ ಸಾರಾಂಶ. ಕೊನೆಗೆ ಕವಿ ಎಲ್ಲವನ್ನೂ ಅದ್ಭುತವಾಗಿ ಚಿತ್ರಿಸಿದ್ದಾರೆಂಬ ತೀರ್ಮಾನ. ಇದನ್ನು ಸೋಮಾರಿತನ ಎಂದು ಬೈಯುವುದು ಸುಲಭ. ಆದರೆ ನಾವು ಕೇಳುವ ಪ್ರಶ್ನೆಯೇ ಅಂಥದ್ದು. ‘ಸಾಹಿತ್ಯಕ್ಕೆ ಇವರ ಕೊಡುಗೆಯನ್ನು ವಿವರಿಸಿ’ ಎಂದಾಗ ಕೊಡುಗೆ ಇದೆಯೆಂದು ಕೇಳುವವರೇ ತೀರ್ಮಾನಿಸಿ ಆಗಿರುತ್ತದೆ. ವಿದ್ಯಾರ್ಥಿಗೆ ಉಳಿಯುವುದು ಪಟ್ಟಿ ಮಾಡುವ ಕೆಲಸ.

ಇದಕ್ಕೆ ಮದ್ದೆಂದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ, ಅಡಿಟಿಪ್ಪಣಿಗಳ ಚೌಕಟ್ಟನ್ನು ಕಲಿಸುತ್ತೇವೆ. ಚೌಕಟ್ಟು ಬೇಕು, ನಿಜ. ಆದರೆ ಇಬ್ಬರು ಬೇರೆ ಬೇರೆಯಾಗಿ ಉತ್ತರಿಸಬಹುದಾದ ಪ್ರಶ್ನೆಯೇ ಇಲ್ಲದಿದ್ದರೆ ಅಡಿಟಿಪ್ಪಣಿ ಬರೀ ಅಲಂಕಾರ.

ಅಂಥ ಪ್ರಶ್ನೆಗಳಿಗೆ ಕನ್ನಡದಲ್ಲಿ ಬರವಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನೇ ನೋಡಿ. 1898ರಲ್ಲಿ ಅದನ್ನು ಸಂಪಾದಿಸಿದ ಕೆ.ಬಿ. ಪಾಠಕ್ ಅದು ರಾಷ್ಟ್ರಕೂಟ ದೊರೆ ನೃಪತುಂಗನ ಕೃತಿ ಎಂದರು. ದೊರೆಯ ಹೆಸರು, ಬಿರುದುಗಳು ಕೃತಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ನಂತರದ ಹಲವು ವಿದ್ವಾಂಸರು ಆಸ್ಥಾನ ಕವಿ ಶ್ರೀವಿಜಯನ ಪರ ನಿಂತರು. ಅವನ ಹೆಸರೂ ಕೃತಿಯಲ್ಲಿದೆ. ಜೊತೆಗೆ, ಕೃತಿಗೆ ನೃಪತುಂಗನ ಸಮ್ಮತಿ ಇದೆಯೆಂದು ಹೇಳಿರುವುದರಿಂದ ಬರೆದವನು ಬೇರೊಬ್ಬನಿರಬೇಕು ಎಂಬುದು ಅವರ ತರ್ಕ. ‘ಕವಿರಾಜಮಾರ್ಗದ ಮಹತ್ವವನ್ನು ತಿಳಿಸಿ’ ಎನ್ನುವ ಬದಲು ಈ ಎರಡು ಪಕ್ಷದ ಆಧಾರಗಳನ್ನು ಎರಡು ಹಾಳೆಯಲ್ಲಿ ಕೊಟ್ಟು, ‘ಯಾವುದು ನಿಮಗೆ ಒಪ್ಪಿತ? ಒಪ್ಪದ ಪಕ್ಷಕ್ಕೆ ನಿಮ್ಮ ಉತ್ತರವೇನು?’ ಎಂದು ಕೇಳಬಹುದು. ಇದಕ್ಕೆ ಗೈಡಿನಿಂದ ಉತ್ತರ ಇಳಿಸಿಕೊಂಡರೂ ಆಧಾರಗಳನ್ನು ತೂಗಿ ನೋಡುವ ಕೆಲಸ ತಪ್ಪುವುದಿಲ್ಲ.

ಮೊದಲ ವರ್ಷದ ಮಕ್ಕಳಿಗೆ ಓದೇ ಇಲ್ಲ, ವಾದ ಎಲ್ಲಿಂದ ಬರಬೇಕು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ: ಓದದೆ ಹೇಳಿದ್ದು ಬರೀ ಅಭಿಪ್ರಾಯ. ಆದರೆ ಇಡೀ ಸಾಹಿತ್ಯ ಚರಿತ್ರೆ ಓದಿ ಮುಗಿದ ಮೇಲೆ ವಾದ ಎಂದರೆ ಆ ದಿನ ಬರುವುದೇ ಇಲ್ಲ. ಓದಬೇಕಾದ್ದನ್ನು ಎರಡು ಹಾಳೆಗೆ ಇಳಿಸಿದರೆ ಹದಿನೆಂಟರ ಹುಡುಗಿಯೂ ಆಧಾರವಿಟ್ಟು ಮಾತಾಡಬಲ್ಲಳು.

ನಿಜವಾದ ಅಡ್ಡಿ ಬೇರೆ ಕಡೆ ಇದೆ. ನಮ್ಮ ಮನೆಗಳಲ್ಲಿ ‘ವಾದ ಮಾಡಬೇಡ’ ಎಂಬುದು ಗದರಿಕೆ. ವಾದಕ್ಕೆ ಎದುರು ಮಾತು ಎಂಬ ಅರ್ಥವೇ ಅಂಟಿಕೊಂಡಿದೆ. ನಮ್ಮ ಶಾಸ್ತ್ರ ಗ್ರಂಥಗಳ ಕ್ರಮವಾದರೋ ಎದುರಾಳಿಯ ಮಾತನ್ನೇ ಪೂರ್ವಪಕ್ಷವಾಗಿ ಮೊದಲು ಇಟ್ಟು, ನಂತರ ಸಿದ್ಧಾಂತಕ್ಕೆ ಬರುವುದು. ಎದುರಿನವರು ‘ಹೌದು, ನಾನು ಹೇಳಿದ್ದು ಇದೇ’ ಎಂದು ಒಪ್ಪುವಂತೆ ಅವರ ಮಾತನ್ನು ಬರೆಯುವುದು ಮರ್ಯಾದೆಯೇ ಹೊರತು ಉದ್ಧಟತನವಲ್ಲ. ತರಗತಿಯಲ್ಲಿ ಕಲಿಸಬೇಕಾದ ಮೊದಲ ಪಾಠ ಇದು.

ಇದನ್ನು ಕಲಿಯದವರೂ ಪಾಸಾಗುತ್ತಾರೆ, ಎಂ.ಎ. ಮಾಡುತ್ತಾರೆ, ಸಂಶೋಧನೆಗೂ ಸೇರುತ್ತಾರೆ. ಆಗ ನಾಲ್ಕು ಪುಟದ ಅಸೈನ್‌ಮೆಂಟು ಮುನ್ನೂರು ಪುಟದ ಮಹಾಪ್ರಬಂಧವಾಗುತ್ತದೆ. ಕೊನೆಯಲ್ಲಿ ಮತ್ತದೇ ‘ಅದ್ಭುತ’.